ಎಲ್ಲೂ ಹೋಗದ ಸುಕ್ಕಪ್ಪ

ಚಪ್ಪಲಿ ಗೂಡಿನ ಹಿಂದೆ ಬಿದ್ದ ಒಂದು ಕಾಗದ ಮನುಷ್ಯನನ್ನು ದೇಶದಿಂದಲೇ ಆಚೆ ಹಾಕುತ್ತದೆ ಎಂದರೆ ಯಾರು ನಂಬುತ್ತಾರೆ? ಸುಕ್ಕಪ್ಪನೂ ನಂಬುತ್ತಿರಲಿಲ್ಲ. ಅವತ್ತು ಬೆಳಿಗ್ಗೆ ಏಳೂವರೆಗೆ ಎಡಗಾಲಿನ ಬೂಟು ಸಿಗದೆ ಗೂಡಿನ ಸಂದಿಯಲ್ಲಿ ಕೈ ಹಾಕಿ ತಡಕಾಡಿದರೆ ಬೂಟಿನ ಬದಲು ಸರ್ಕಾರಿ ಮೊಹರಿನ ಲಕೋಟೆ ಕೈಗೆ ಬಂತು. ಹನ್ನೆರಡು ದಿನದ ಹಿಂದೆ ಅಂಚೆಯವನು ಬಾಗಿಲ ಕಿಂಡಿಯಿಂದ ತೂರಿಸಿದ್ದು, ಜಾರಿ ಹಿಂದಕ್ಕೆ ಬಿದ್ದಿತ್ತು. ತಾವು ಹದಿನಾಲ್ಕು ತಿಂಗಳು ದೇಶದ ಹೊರಗಿದ್ದಿರಿ, ಹನ್ನೆರಡು ತಿಂಗಳು ಮೀರಿದರೆ ಕಾಯಂ ವಾಸದ ಹಕ್ಕು ರದ್ದಾಗುತ್ತದೆ, ಹೇಳಿಕೊಳ್ಳುವುದೇನಾದರೂ ಇದ್ದರೆ ಇಂಥ ದಿನ ಮಧ್ಯಾಹ್ನ ಮೂರು ಗಂಟೆಗೆ ವಲಸೆ ಕಚೇರಿಯ ನಾಲ್ಕನೇ ಮಹಡಿಗೆ ಖುದ್ದಾಗಿ ಬರತಕ್ಕದ್ದು ಎಂದು ಬರೆದಿತ್ತು. ಇಂಥ ದಿನ ಎಂದರೆ ಇವತ್ತೇ.

ಸುಕ್ಕಪ್ಪ ಎನ್ನುವುದು ಅವನ ಹುಟ್ಟು ಹೆಸರಲ್ಲ. ಆಸ್ಪತ್ರೆ, ಹೋಟೆಲುಗಳ ಹಾಸುಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯಲ್ಲಿ, ಬಿಸಿ ರೋಲರಿನ ಬಾಯಿಂದ ಹೊರಬರುವ ಬಟ್ಟೆ ಹಿಡಿದು ಮಡಿಸುವುದು ಅವನ ಕೆಲಸ. ಎಲ್ಲಿ ಸುಕ್ಕು ಕಂಡರೂ ಅವನ ಕೈ ಸುಮ್ಮನಿರದು. ಬಸ್ಸಿನಲ್ಲಿ ಪಕ್ಕದವರ ಅಂಗಿಯ ತೋಳು ನೀವಲು ಹೋಗಿ ಬೈಸಿಕೊಂಡ ಆಸಾಮಿ. ಲಾಂಡ್ರಿಯವರು ಇಟ್ಟ ಹೆಸರು ಮನೆಯವರೆಗೂ ಬಂದು ಅಲ್ಲೇ ಉಳಿಯಿತು. ಹತ್ತೊಂಬತ್ತು ವರ್ಷದ ಹಿಂದೆ ಈ ದೇಶಕ್ಕೆ ಬಂದವನು, ವರ್ಷಕ್ಕೊಮ್ಮೆ ಪರವಾನಗಿ ಹೊಸದು ಮಾಡಿಸಿ ಮಾಡಿಸಿ ಸುಸ್ತಾಗಿ, ಹನ್ನೆರಡನೇ ವರ್ಷಕ್ಕೆ ಕಾಯಂ ವಾಸದ ಕಾರ್ಡು ಪಡೆದಿದ್ದ. ಲಾಂಡ್ರಿಯ ಕೆಲಸಗಾರರಲ್ಲಿ ಆ ಕಾರ್ಡು ಇದ್ದದ್ದು ಅವನೊಬ್ಬನ ಹತ್ತಿರ. ಮಿಕ್ಕವರು ಒಮ್ಮೊಮ್ಮೆ ಕೇಳಿ ಇಸಿದುಕೊಂಡು, ಕೈ ಒರೆಸಿಕೊಂಡು ನೋಡಿ, ವಾಪಸ್ಸು ಕೊಡುತ್ತಿದ್ದರು.

ಹೋದ ವರ್ಷ ಹುಟ್ಟಿದೂರಿನಲ್ಲಿ ಅವನ ತಾಯಿ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ಮೂರು ವಾರ ಎಂದು ಹೋದ. ಸೊಂಟ ಕೂಡಲಿಲ್ಲ. ಆಮೇಲೆ ಉಸಿರಾಟದ ತೊಂದರೆ ಬಂತು. ಅದಾದ ಮೇಲೆ ತಾಯಿಗೆ ಮಗನ ಗುರುತೇ ಹೋಯಿತು, ಆದರೂ ಹಿಡಿದ ಕೈ ಬಿಡಲಿಲ್ಲ. ಇದ್ದವನು ಒಬ್ಬನೇ ಮಗ, ಯಾರ ಮೇಲೆ ಬಿಟ್ಟು ಬರುವುದು? ಹದಿನಾಲ್ಕು ತಿಂಗಳಾದ ಮೇಲೆ ಎಲ್ಲ ಮುಗಿಸಿ, ಮೈ ಅರ್ಧವಾಗಿ, ತಲೆ ಪೂರಾ ನರೆತು ಬಂದಿದ್ದ. ಬಂದು ಐದು ವಾರವಾಗಿತ್ತು. ಆ ಊರಲ್ಲಿ ಅವನಿಗೆ ಇನ್ನು ಯಾರೂ ಇಲ್ಲ, ಮಲಗಲು ಒಂದು ಕೋಣೆಯೂ ಇಲ್ಲ. ಬಸ್ ನಿಲ್ದಾಣದ ಟಿಕೆಟ್ ಕಿಟಕಿಯಲ್ಲಿ ಕೂರುವ ಹೆಂಡತಿ, ಎಂಟನೇ ತರಗತಿಯ ಮಗಳು, ಮೂರನೇ ಮಹಡಿಯ ಎರಡು ಕೋಣೆ, ಇರುವುದೆಲ್ಲ ಇಲ್ಲಿಯೇ.

ಕಾಗದ ಓದಿದವನು ಒಂದು ಕಾಲಿಗೆ ಬೂಟು ಹಾಕಿಕೊಂಡು ನೆಲದ ಮೇಲೆ ಕೂತುಬಿಟ್ಟ. ಹೆಂಡತಿಯೂ ಓದಿದಳು. ಬೀರುವಿನಿಂದ ಅತ್ತೆಯ ಆಸ್ಪತ್ರೆ ಕಾಗದಗಳ ಕಟ್ಟನ್ನು ತೆಗೆದು ಅವನ ತೊಡೆಯ ಮೇಲಿಟ್ಟಳು.

"ನಿಜ ಹೇಳಿಬಿಡಿ. ಅಮ್ಮನ್ನ ನೋಡ್ಕೊಳ್ಳೋಕೆ ಹೋಗಿದ್ದೆ ಅನ್ನಿ. ಅವರೂ ತಾಯಿ ಹೊಟ್ಟೇಲೇ ಹುಟ್ಟಿರ್ತಾರೆ" ಎಂದಳು.

ಸುಕ್ಕಪ್ಪ ಆಗಲಿ ಎಂದ. ಅಷ್ಟೇ ಮಾಡಿದ್ದರೆ ಈ ಕತೆಯನ್ನು ಹೇಳುವ ಕೆಲಸ ನನಗೆ ತಪ್ಪುತ್ತಿತ್ತು.

ಆದರೆ ಮೂರನೇ ಮಹಡಿಯಿಂದ ಬೀದಿಗೆ ಇಳಿಯಬೇಕಾದರೆ ಎರಡನೇ ಮಹಡಿಯನ್ನು ದಾಟಲೇಬೇಕು. ಎರಡನೇ ಮಹಡಿಯಲ್ಲಿ ಗುಮಾಸ್ತರಿದ್ದರು. ಮೂವತ್ತೆರಡು ವರ್ಷ ಒಬ್ಬ ವಕೀಲರ ಕಾಗದ ಹೊತ್ತವರು. ವಕೀಲರು ತೀರಿಕೊಂಡರೂ ಇವರ ವಕೀಲಿ ಮುಗಿದಿರಲಿಲ್ಲ. ಆ ಕಟ್ಟಡದಲ್ಲಿ ನಲ್ಲಿ ಸೋರಿದರೂ ಅವರನ್ನು ಕೇಳದೆ ರಿಪೇರಿ ಮಾಡಿಸುವಂತಿಲ್ಲ. ಕೇಳಿದ ಮೇಲೆ ರಿಪೇರಿ ಆದದ್ದೂ ಇಲ್ಲ, ಅದು ಬೇರೆ ಮಾತು. ಹೆಜ್ಜೆ ಸದ್ದಿಗೆ ಬಾಗಿಲು ತೆರೆದು, ಸುಕ್ಕಪ್ಪನ ಬಾಡಿದ ಮುಖ ನೋಡಿ, ಅವನು ಕೊಡುವ ಮೊದಲೇ ಅವನ ಕೈಯಲ್ಲಿದ್ದ ಕಾಗದವನ್ನು ಇಸಿದುಕೊಂಡರು. ಕನ್ನಡಕ ಏರಿಸಿ ಎರಡು ಸಲ ಓದಿದರು. ಅವರ ಮುಖ ಬೆಳಗಿತು. ಅವರಿಗೆ ಇಂಥದೊಂದು ಕೇಸು ಸಿಕ್ಕಿ ನಾಲ್ಕು ವರ್ಷವಾಗಿತ್ತು.

"ಒಪ್ಪಿಕೊಂಡ್ರೆ ಮುಗೀತು. ಹೋಗಿದ್ದೆ ಅಂತ ನಿಮ್ಮ ಬಾಯಿಂದ ಬಂತೋ, ಕಾರ್ಡು ಹೋಯ್ತು ಅಂತಲೇ ಲೆಕ್ಕ."

ಸುಕ್ಕಪ್ಪ ಆಸ್ಪತ್ರೆಯ ಕಟ್ಟನ್ನು ತೋರಿಸಿದ. ಗುಮಾಸ್ತರು ಅದನ್ನು ಮುಟ್ಟಲೂ ಇಲ್ಲ. ಅದು ಕಳ್ಳ ತಾನೇ ಪೊಲೀಸರಿಗೆ ಕೊಡುವ ಬೀಗದ ಕೈಯಂತೆ. ಅದನ್ನು ಚೀಲದ ತಳಕ್ಕೆ ಹಾಕಿ ಮೇಲೆ ಕರವಸ್ತ್ರ ಮುಚ್ಚಬೇಕಂತೆ.

"ನೀವು ಇಲ್ಲೇ ಇದ್ರಿ ಅನ್ನೋಕೆ ಬರವಣಿಗೇಲಿ ಏನಿದೆ ಹೇಳಿ."

"ನಾನು ಇಲ್ಲಿ ಇರ್ಲೇ ಇಲ್ವಲ್ಲ ಸಾರ್."

"ಅದು ಬೇರೆ ವಿಷಯ. ಬರವಣಿಗೇಲಿ ಏನಿದೆ?"

ಸುಕ್ಕಪ್ಪ ಲಾಂಡ್ರಿಗೆ ಹೋಗಿ ಅರ್ಧ ದಿನದ ರಜ ಕೇಳಬೇಕು, ತಡವಾಗುತ್ತದೆ ಎಂದು ತಪ್ಪಿಸಿಕೊಳ್ಳಲು ನೋಡಿದ. ಲಾಂಡ್ರಿ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಗುಮಾಸ್ತರು ಒಳಗೆ ಹೋಗಿ ಕರಿ ಕೋಟು ತೊಟ್ಟುಕೊಂಡು ಬಂದರು. ದಾರಿಯುದ್ದಕ್ಕೂ ತಾವು ಗೆದ್ದ ಕೇಸುಗಳನ್ನು ಹೇಳಿದರು. ಎಲ್ಲದರಲ್ಲೂ ಕಕ್ಷಿದಾರ ಆಮೇಲೆ ಏನಾದ ಎಂಬ ಭಾಗ ಮಾತ್ರ ಬಿಟ್ಟುಹೋಗುತ್ತಿತ್ತು.

ಲಾಂಡ್ರಿಯ ಮೇಸ್ತ್ರಿ ಕಾಗದ ನೋಡಿ ಬಿಳಿಚಿಕೊಂಡು, ಇಬ್ಬರನ್ನೂ ಒದ್ದೆ ಬಟ್ಟೆಯ ಗಾಡಿಗಳ ಹಿಂದಕ್ಕೆ ಎಳೆದೊಯ್ದ. ಯಂತ್ರಗಳಿಗೆ ಸೋಪು ಅಳೆದು ಹಾಕುವ ಸಾಬೂನಕ್ಕನೂ ಕೈ ಒರೆಸಿಕೊಳ್ಳುತ್ತ ಬಂದಳು. ಅವರ ಭಯ ಏನೆಂದು ತಿಳಿಯಬೇಕಾದರೆ ಆ ಲಾಂಡ್ರಿಯ ಒಂದು ಪದ್ಧತಿ ತಿಳಿದಿರಬೇಕು.

ಬಾಗಿಲ ಬಳಿ ಒಂದು ಹಾಜರಿ ಯಂತ್ರ. ಬಂದವರೆಲ್ಲ ತಮ್ಮ ಚೀಟಿ ತೂರಿಸಿ ಗಂಟೆ ಒತ್ತಿಸಿಕೊಳ್ಳಬೇಕು. ಒಬ್ಬರ ಮನೆಯಲ್ಲಿ ಹೆರಿಗೆ, ಇನ್ನೊಬ್ಬರಿಗೆ ಜ್ವರ ಎಂದಾಗ, ಬಾರದವರ ಚೀಟಿಯನ್ನು ಕೊನೆಗೆ ಬಂದವರು ಒತ್ತಿಸುವುದು, ಅವರ ಪಾಲಿನ ಬಟ್ಟೆಯನ್ನು ಎಲ್ಲರೂ ಹಂಚಿಕೊಂಡು ಮಡಿಸುವುದು. ಮಾಲೀಕನಿಗೆ ಹೊತ್ತಿಗೆ ಸರಿಯಾಗಿ ಬಟ್ಟೆ ಹೋದರಾಯಿತು, ಯಾರ ಮುಖವೂ ಅವನಿಗೆ ಗೊತ್ತಿಲ್ಲ. ಈ ಉಪಕಾರ ಸಾಮಾನ್ಯವಾಗಿ ಎರಡು ದಿನದ್ದು, ಹೆಚ್ಚೆಂದರೆ ವಾರದ್ದು. ಸುಕ್ಕಪ್ಪನಿಗೆ ಹದಿನಾಲ್ಕು ತಿಂಗಳು ನಡೆದಿತ್ತು. ಕೆಲಸ ಉಳಿಸಿಕೊಟ್ಟಿದ್ದಾರೆ ಎಂದು ಅವನಿಗೆ ಗೊತ್ತಿತ್ತು, ಬಂದ ದಿನ ಎಲ್ಲರ ಕೈ ಹಿಡಿದು ಅತ್ತಿದ್ದ. ಹೇಗೆ ಉಳಿಸಿದಿರಿ ಎಂದು ಕೇಳಿರಲಿಲ್ಲ.

"ಒಂದು ದಿನ ತಪ್ಪಿದ್ರೂ ಅನುಮಾನ ಬರುತ್ತೆ ಅಂತ, ರಜಾ ದಿನಾನೂ ಬಂದು ಒತ್ತಿ ಹೋಗಿದೀವಿ ಅಣ್ಣ" ಎಂದಳು ಸಾಬೂನಕ್ಕ. ಅವಳಿಗೆ ಅದು ಹೆಮ್ಮೆಯ ವಿಷಯವಾಗಿತ್ತು.

ಹಾಜರಿಯ ಲೆಕ್ಕದಲ್ಲಿ ಹದಿನಾಲ್ಕು ತಿಂಗಳಲ್ಲಿ ಸುಕ್ಕಪ್ಪ ಒಂದೇ ಒಂದು ದಿನವೂ ಗೈರುಹಾಜರಾಗಿರಲಿಲ್ಲ. ಇಲ್ಲೇ ಇದ್ದಾಗ ವರ್ಷಕ್ಕೆ ಇಪ್ಪತ್ತು ದಿನ ಹೊಟ್ಟೆನೋವೆಂದು ಮಲಗುತ್ತಿದ್ದವನು.

ಮೇಸ್ತ್ರಿ ದನಿ ತಗ್ಗಿಸಿ ವಿಷಯವನ್ನು ಬಿಡಿಸಿಟ್ಟ. ನಾನು ಇಲ್ಲಿರಲಿಲ್ಲ ಎಂದು ಸುಕ್ಕಪ್ಪ ಹೇಳಿದ ಕೂಡಲೇ ಕಚೇರಿಯವರು ಲಾಂಡ್ರಿಗೆ ಬರುತ್ತಾರೆ. ಹಾಜರಿ ನೋಡುತ್ತಾರೆ. ಸುಳ್ಳು ಹಾಜರಿ ಒತ್ತಿದ ಏಳು ಜನರ ಕೆಲಸ ಹೋಗುತ್ತದೆ. ಅವರ ಪರವಾನಗಿ ನಿಂತಿರುವುದೇ ಆ ಕೆಲಸದ ಮೇಲೆ, ಕೆಲಸ ಹೋದ ತಿಂಗಳೊಳಗೆ ಏಳೂ ಜನ ಗಂಟುಮೂಟೆ ಕಟ್ಟಬೇಕು.

"ನೀನೊಬ್ಬ ಉಳಿಯೋಕೆ ಏಳು ಜನಾನ ಹೊರಗೆ ಹಾಕಿಸ್ತೀಯಾ ಅಂತ ನಾನು ಕೇಳ್ತಾ ಇಲ್ಲ. ಯೋಚನೆ ಮಾಡು ಅಂತೀನಿ, ಅಷ್ಟೆ."

ಯೋಚನೆ ಮಾಡಲು ಏನು ಉಳಿದಿತ್ತು? ಚೀಲದ ತಳದಲ್ಲಿದ್ದ ಆಸ್ಪತ್ರೆಯ ಕಟ್ಟು ಕಲ್ಲಿನಷ್ಟು ಭಾರವಾಯಿತು. ಗುಮಾಸ್ತರು ಮಾತ್ರ ಆನಂದದಿಂದ ಅಂಗೈ ಉಜ್ಜಿಕೊಂಡರು. ಬರವಣಿಗೆ ಬೇಕೆಂದಿದ್ದರು, ಬರವಣಿಗೆ ಸಿಕ್ಕಿತ್ತು. ಮಡಿಸಿಟ್ಟ ಟವೆಲುಗಳ ಗುಡ್ಡೆಯನ್ನೇ ಮೇಜು ಮಾಡಿಕೊಂಡು ಅಫಿಡವಿಟ್ಟು ಬರೆಯಲು ನಿಂತರು. "ಸದರಿಯವರು ಸದರಿ ಹದಿನಾಲ್ಕು ತಿಂಗಳಲ್ಲಿ ಒಂದು ದಿನವಾದರೂ ಈ ಊರನ್ನು ಬಿಟ್ಟು ಎಲ್ಲಿಗೂ ಹೋಗಿರುವುದಿಲ್ಲ, ದಿನವೂ ನಮ್ಮ ಕಣ್ಣೆದುರಿಗೇ ಇದ್ದರು, ಇದು ಸುಳ್ಳಾದಲ್ಲಿ ನಾವು ಜೈಲುಶಿಕ್ಷೆಗೆ ಬದ್ಧರು." ಸುಕ್ಕಪ್ಪ ಕೊನೆಯ ಸಾಲು ಬೇಡವೆಂದ. ಆ ಸಾಲಿಲ್ಲದಿದ್ದರೆ ಕಾಗದಕ್ಕೆ ತೂಕವಿರುವುದಿಲ್ಲವಂತೆ. ಒಬ್ಬೊಬ್ಬರಿಗೂ ಒಂದೊಂದು ಪ್ರತಿ ಬರೆದು, ಏಳು ಜನರಿಂದ ಸಹಿ ಹಾಕಿಸಿದರು. ಎಂಟನೆಯದಾಗಿ ನೆರೆಯವರೆಂದು ಗುಮಾಸ್ತರೇ ಹಾಕಿಕೊಂಡರು.

ಮೇಸ್ತ್ರಿ ಹಾಜರಿಯ ಪಟ್ಟಿ ತೆಗೆಸಲು ಹೋದ. ಅಷ್ಟರಲ್ಲಿ ಗುಮಾಸ್ತರು ರಬ್ಬರ್ ಸ್ಟಾಂಪು ಹುಡುಕುತ್ತ ಮಾಲೀಕನ ಕೋಣೆಯ ಓಣಿಗೆ ನುಗ್ಗಿದರು. ಕೆಲಸಗಾರರು ಆ ಕಡೆ ತಲೆ ಹಾಕುವುದಿಲ್ಲ. ಅಲ್ಲಿಂದ ಬಗಲಲ್ಲಿ ಏನನ್ನೋ ಟವೆಲಿನಲ್ಲಿ ಸುತ್ತಿಕೊಂಡು ಬಂದರು. ವರ್ಷದ ಅತ್ಯುತ್ತಮ ಕೆಲಸಗಾರ ಎಂದು ಸುಕ್ಕಪ್ಪನ ಹೆಸರಿಗೆ ಬಂದ ಪ್ರಶಸ್ತಿ ಪತ್ರ, ಗಾಜಿನ ಚೌಕಟ್ಟಿನಲ್ಲಿ, ಗೋಡೆಯ ಮೇಲಿತ್ತಂತೆ. ಕೆಳಗೆ ಮಾಲೀಕನ ಸಹಿ, ಮೇಲೆ ಬಂಗಾರದ ಮೊಹರು. ಅದರಲ್ಲಿ ಒಂದು ಫೋಟೋ ಕೂಡ ಇತ್ತು. ಗುಮಾಸ್ತರು ಮೊಹರು ನೋಡುವವರೇ ಹೊರತು ಮುಖ ನೋಡುವವರಲ್ಲ.

ಹೊರಡುವಾಗ ಅವರ ಕಣ್ಣು ಬಾಯ್ಲರ್ ಮಾವನ ಮೇಲೆ ಬಿತ್ತು. ಉಗಿಯ ಬಾಯ್ಲರನ್ನು ನೋಡಿಕೊಳ್ಳುವ ಬಾಯ್ಲರ್ ಮಾವ ಭಾರಿ ಮೈಕಟ್ಟಿನ, ದಪ್ಪ ಮೀಸೆಯ ಮನುಷ್ಯ. ಹನ್ನೊಂದು ವರ್ಷದಿಂದ ವರ್ಷವರ್ಷವೂ ಪರವಾನಗಿಗೆ ಅಲೆದು ಅಲೆದು, ಕಚೇರಿಯವರು ಏನು ಕೇಳಿದರೂ ಹೌದು ಎನ್ನುವುದೇ ಕ್ಷೇಮ ಎಂಬ ತೀರ್ಮಾನಕ್ಕೆ ಬಂದಿದ್ದ. ಅವತ್ತು ಮಧ್ಯಾಹ್ನ ಬಾಯ್ಲರು ತೊಳೆಯಲು ಆರಿಸಿದ್ದರು, ಅವನಿಗೆ ಬಿಡುವಿತ್ತು. ಮೇಸ್ತ್ರಿ, ಸಾಬೂನಕ್ಕ ಹೇಗೂ ಹೊರಟಿದ್ದರು, ಇನ್ನೊಬ್ಬ ಸಾಕ್ಷಿ ಹೆಚ್ಚಿಗೆ ಇರಲಿ ಎಂದು ಗುಮಾಸ್ತರು ಅವನನ್ನೂ ಹೊರಡಿಸಿದರು.

ಇನ್ನು ಹೆಂಡತಿಯ ಸಹಿಯೊಂದು ಬಾಕಿ. ಹೆಂಡತಿಯ ಸಹಿ ಇಲ್ಲದ ಅಫಿಡವಿಟ್ಟು ದಾರವಿಲ್ಲದ ಅಂಗಿ ಗುಂಡಿಯಂತೆ ನಿಲ್ಲುವುದಿಲ್ಲ ಎಂದರು ಗುಮಾಸ್ತರು. ಬಸ್ ನಿಲ್ದಾಣದ ಕಿಟಕಿಯ ಮುಂದೆ ಉದ್ದ ಸಾಲು. ಗುಮಾಸ್ತರು ಸಾಲು ಲೆಕ್ಕಿಸದೆ ಮುಂದೆ ಹೋಗಿ ಟಿಕೆಟಿನ ಕಿಂಡಿಯಲ್ಲಿ ಕಾಗದ ತೂರಿಸಿದರು. ಅವಳು ಓದಿ, ಅದನ್ನು ಹಾಗೇ ಹೊರಕ್ಕೆ ತಳ್ಳಿದಳು.

"ಸುಳ್ಳಿಗೆ ನಾನು ಸಹಿ ಹಾಕಲ್ಲ. ನಿಜ ಹೇಳ್ತೀನಿ ಅಂದಿದ್ರಲ್ಲ?"

ಸುಕ್ಕಪ್ಪ ಕಿಂಡಿಗೆ ಬಾಯಿಟ್ಟು ಏಳು ಜನರ ವಿಷಯ ಹೇಳಿದ. ಅವರು ಅಮ್ಮನಿಗೋಸ್ಕರ, ತನಗೋಸ್ಕರ ಮಾಡಿದ್ದು, ಈಗ ಅವರ ಕುತ್ತಿಗೆಗೆ ಬಂದಿದೆ ಎಂದ. ಹೇಳುತ್ತ ಹೇಳುತ್ತ ದನಿ ಒಡೆಯಿತು. ಹಿಂದಿನ ಸಾಲಿನವರಿಗೆ ಕಾಗದ ಏನೆಂದು ಗೊತ್ತಿಲ್ಲದಿದ್ದರೂ ಅಭಿಪ್ರಾಯಕ್ಕೆ ಬರವಿರಲಿಲ್ಲ. ಗಂಡ ಇಷ್ಟು ಬೇಡಿಕೊಳ್ಳುವಾಗ ಹಾಕಿಬಿಡಮ್ಮ ಎಂದ ಒಬ್ಬ ಮುದುಕ. ವಿಚ್ಛೇದನದ ಕಾಗದವಿರಬೇಕು, ಹಾಕಬೇಡ ತಾಯಿ ಎಂದಳು ಒಬ್ಬ ಹೆಂಗಸು. ಏನಾದರೂ ಮಾಡಿ, ನನ್ನ ಬಸ್ಸು ಹೋಗುತ್ತೆ ಎಂದ ಮೂರನೆಯವ. ಅವಳು ಸೆರಗಿನಲ್ಲಿ ಕಣ್ಣೊತ್ತಿಕೊಂಡು ಸಹಿ ಹಾಕಿದಳು. ಕಿಟಕಿ ಮುಚ್ಚಿ ತಾನೂ ಹೊರಟಳು. ಬಸ್ಸು ಹೋಗುತ್ತೆ ಎಂದವನ ಬಸ್ಸು ಹೋಯಿತು.

ವಲಸೆ ಕಚೇರಿಯ ಕೆಳಮಹಡಿಯಲ್ಲಿ ಒಂಬತ್ತು ಅಫಿಡವಿಟ್ಟುಗಳನ್ನೂ ಹಾಜರಿಯ ಪಟ್ಟಿಯನ್ನೂ ಎರಡೂವರೆಗೇ ಸಲ್ಲಿಸಿ ಮೊಹರು ಹಾಕಿಸಿದ್ದಾಯಿತು. ನಾಲ್ಕನೇ ಮಹಡಿಯಲ್ಲಿ ಕರೆ ಬಂದವರು ಒಬ್ಬರೇ ಒಳಗೆ ಹೋಗಬೇಕು. ಮಿಕ್ಕವರು ಗಾಜಿನ ಬಾಗಿಲ ಆಚೆ ಬೆಂಚಿನ ಮೇಲೆ ಕೂತರು. ಮೇಸ್ತ್ರಿ, ಸಾಬೂನಕ್ಕ, ಹೆಂಡತಿ, ಬಾಯ್ಲರ್ ಮಾವ ಸಾಲಾಗಿ ಕೂತಿದ್ದರೆ ಹಲ್ಲು ಕೀಳಿಸಿಕೊಳ್ಳಲು ಕಾದಿರುವವರಂತೆ ಕಾಣುತ್ತಿದ್ದರು. ಬಾಗಿಲಲ್ಲಿ ಗುಮಾಸ್ತರು ಟವೆಲಿನ ಗಂಟನ್ನು ಸುಕ್ಕಪ್ಪನ ಕೈಗೆ ತುರುಕಿ, ಇದನ್ನು ಕೊನೆಯಲ್ಲಿ ತೆಗೆಯಿರಿ, ಅವರ ಬಾಯಿ ಕಟ್ಟಿಹೋಗುತ್ತದೆ ಎಂದು ಪಿಸುಗುಟ್ಟಿದರು.

ಅಧಿಕಾರಿ ನಡುವಯಸ್ಸಿನ ಹೆಂಗಸು. ಮೇಜಿನ ಮೇಲೆ ಪೆನ್ಸಿಲುಗಳನ್ನು ಉದ್ದದ ಪ್ರಕಾರ ಜೋಡಿಸಿಟ್ಟಿದ್ದರು. ಹೆದರಬೇಡಿ, ಕೂತುಕೊಳ್ಳಿ, ನೀರು ಬೇಕೇ ಎಂದು ಕೇಳಿದರು. ಆ ಮೃದು ಮಾತಿಗೆ ಸುಕ್ಕಪ್ಪನಿಗೆ ಎಲ್ಲವನ್ನೂ ಹೇಳಿಬಿಡಬೇಕು ಎನಿಸಿತು. ಬಾಯಿ ತೆರೆದ, ಗಾಜಿನ ಆಚೆ ಮೇಸ್ತ್ರಿ ಕಂಡ, ಬಾಯಿ ಮುಚ್ಚಿದ.

ಮೊದಲು ಬೆರಳಿನ ಗುರುತು. ಯಂತ್ರದ ಮೇಲೆ ಬೆರಳಿಟ್ಟರೆ ಅದು ಕೆಂಪು ದೀಪ ತೋರಿಸಿತು. ಹತ್ತೊಂಬತ್ತು ವರ್ಷ ಸುಡುವ ಹಾಸುಬಟ್ಟೆ ಹಿಡಿದ ಬೆರಳುಗಳಲ್ಲಿ ಗೆರೆ ಎಲ್ಲಿ ಉಳಿದೀತು? ಹತ್ತೂ ಬೆರಳು ಇಟ್ಟ, ಹತ್ತು ಸಲವೂ ಕೆಂಪು. ಆಮೇಲೆ ಅಧಿಕಾರಿ ಕಾರ್ಡಿನ ಫೋಟೋ ನೋಡಿದರು. ಅದು ಏಳು ವರ್ಷ ಹಳೆಯದು, ಉಬ್ಬಿದ ಕೆನ್ನೆ, ಕರಿ ತಲೆ, ಅಂದಿನ ಕಾಲದ ಮೀಸೆ. ಎದುರಿಗೆ ಕೂತಿದ್ದವನು ಒಣಗಿದ, ನರೆತ, ಮೀಸೆಯಿಲ್ಲದ ಮನುಷ್ಯ. ಫೋಟೋ ನೋಡಿದರು, ಅವನನ್ನು ನೋಡಿದರು, 'ಹೂಂ' ಎಂದು ಏನೋ ಬರೆದುಕೊಂಡರು.

"ಗಡಿಯ ಕಂಪ್ಯೂಟರ್ ಪ್ರಕಾರ ಈ ಪಾಸ್‌ಪೋರ್ಟು ಹದಿನಾಲ್ಕು ತಿಂಗಳು ಹೊರಗಿತ್ತು. ಈ ಒಂಬತ್ತು ಜನರ ಪ್ರಕಾರ ಅದರ ಯಜಮಾನರು ಒಂದು ದಿನವೂ ಎಲ್ಲಿಗೂ ಹೋಗಿಲ್ಲ. ಇದು ಹೇಗೆ?"

ಕಂಪ್ಯೂಟರ್ ತಪ್ಪಿರಬಹುದು ಎಂದು ಗುಮಾಸ್ತರು ಹೇಳಿಕೊಟ್ಟದ್ದನ್ನೇ ಸುಕ್ಕಪ್ಪ ಒಪ್ಪಿಸಿದ. ಅದು ತಪ್ಪುವುದಿಲ್ಲ ಎಂದರು ಅಧಿಕಾರಿ. ಅವನು ಟವೆಲು ಬಿಚ್ಚಿ ಚೌಕಟ್ಟನ್ನು ಅವರ ಮುಂದಿಟ್ಟ. ಇಟ್ಟ ಮೇಲೆ ತಾನೂ ನೋಡಿದ.

ಫೋಟೋದಲ್ಲಿ ಮಾಲೀಕ ಪ್ರಶಸ್ತಿ ಕೊಡುತ್ತಿದ್ದ. ತೆಗೆದುಕೊಳ್ಳುತ್ತಿದ್ದವನು ಬಾಯ್ಲರ್ ಮಾವ. ಕೆಳಗೆ ದೊಡ್ಡ ಅಕ್ಷರದಲ್ಲಿ ಸುಕ್ಕಪ್ಪನ ಹೆಸರು. ಏನಾಗಿದೆಯೆಂದು ಯಾರೂ ಅವನಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಒಂದು ದಿನವೂ ತಪ್ಪಿಸದ ಆಳನ್ನು ಕಣ್ಣಾರೆ ನೋಡಬೇಕೆಂದು ಮಾಲೀಕ ಹೇಳಿ ಕಳಿಸಿರಬೇಕು, ಆಳು ದೇಶದಲ್ಲೇ ಇಲ್ಲ, ಕೈಗೆ ಸಿಕ್ಕವನನ್ನು ಮೇಸ್ತ್ರಿ ಮುಂದಕ್ಕೆ ನೂಕಿರಬೇಕು.

ಅಧಿಕಾರಿ ಚೌಕಟ್ಟನ್ನು ಹತ್ತಿರ ಎಳೆದುಕೊಂಡರು. ಕಾರ್ಡಿನ ಫೋಟೋವನ್ನು ಅದರ ಪಕ್ಕಕ್ಕಿಟ್ಟರು. ಎರಡರಲ್ಲೂ ಉಬ್ಬಿದ ಕೆನ್ನೆ, ಕರಿ ತಲೆ, ಮೀಸೆ.

"ಈ ಫೋಟೋದಲ್ಲಿ ಪ್ರಶಸ್ತಿ ತಗೋತಿರೋರೇ ಈ ಕಾರ್ಡಿನ ಯಜಮಾನರು. ಹೌದಾ, ಅಲ್ವಾ? ಸರಿಯಾಗಿ ಯೋಚನೆ ಮಾಡಿ ಹೇಳಿ."

ಅಲ್ಲ ಎಂದರೆ ಪ್ರಶಸ್ತಿ ಸುಳ್ಳು, ಪ್ರಶಸ್ತಿ ಸುಳ್ಳಾದರೆ ಹಾಜರಿ ಸುಳ್ಳು, ಹಾಜರಿ ಸುಳ್ಳಾದರೆ ಒಂಬತ್ತು ಅಫಿಡವಿಟ್ಟೂ ಸುಳ್ಳು. ಒಂಬತ್ತರಲ್ಲಿ ಒಂದು ಹೆಂಡತಿಯದು. ಜೈಲಿಗೆ ಬದ್ಧರು ಎಂಬ ಆ ಹಾಳು ಸಾಲು ಅವನ ಕಣ್ಣ ಮುಂದೆ ಕುಣಿಯಿತು. ಅವಳು ಒಳಗೆ ಹೋದರೆ ಮಗಳು ಸ್ಕೂಲಿಂದ ಬಂದು ಯಾರ ಮನೆ ಬಾಗಿಲು ತಟ್ಟಬೇಕು?

"ಹೌದು" ಎಂದ.

ಅಧಿಕಾರಿಯ ಮುಖ ಹಗುರಾಯಿತು. ಕಡತದಿಂದ ಒಂದು ಗುಲಾಬಿ ಹಾಳೆ ತೆಗೆದು ತೋರಿಸಿದರು. ಅದು ಮನ್ನಾ ಆದೇಶ. ಸುಕ್ಕಪ್ಪ ಬಂದಿಳಿದ ದಿನವೇ ವಿಮಾನ ನಿಲ್ದಾಣದಲ್ಲಿ ತಾಯಿಯ ಕಾಯಿಲೆಯ ವಿಷಯ ಹೇಳಿದ್ದಕ್ಕೆ ಅಲ್ಲಿಯವರು ಆಸ್ಪತ್ರೆಯ ಕಾಗದಗಳ ನಕಲು ತೆಗೆದು ಇಲ್ಲಿಗೆ ಕಳಿಸಿದ್ದರು. ಸಾಯುವ ತಾಯಿಯ ಸೇವೆಗೆಂದು ಹೋದವರಿಗೆ ಎರಡು ವರ್ಷದವರೆಗೂ ಮಾಫಿಯಿದೆ. ಹೋದ ವಾರವೇ ಆದೇಶ ಬರೆದಾಗಿತ್ತು. ಇವತ್ತು ಬೇಕಿದ್ದದ್ದು ಬರೀ ಒಂದು ಸಹಿ.

"ಎಲ್ಲೂ ಹೋಗದೇ ಇರೋರಿಗೆ ಮನ್ನಾ ಯಾಕೆ ಬೇಕು?" ಎಂದು ಅಧಿಕಾರಿ ಹಾಳೆಯನ್ನು ನಾಲ್ಕು ಚೂರು ಮಾಡಿ ಬುಟ್ಟಿಗೆ ಹಾಕಿದರು. "ಗಡಿ ಹೇಳೋದೂ ಸರಿ, ಒಂಬತ್ತು ಜನ ಹೇಳೋದೂ ಸರಿ. ಎರಡೂ ಸರಿ ಅಂದ್ರೆ ಮನುಷ್ಯರು ಇಬ್ಬರು ಅಂತಾಯ್ತು. ಇಲ್ಲೇ ಇದ್ದವರು ಒಬ್ಬರು. ಅವರ ಪಾಸ್‌ಪೋರ್ಟ್ ಹಿಡ್ಕೊಂಡು ಹೊರಗಿಂದ ಬಂದವರು ನೀವು."

ಸುಕ್ಕಪ್ಪ ನಾನೇ ಅವನು ಎನ್ನಬೇಕು, ಎಂದರೆ ಈಗಷ್ಟೇ ಹೌದು ಎಂದದ್ದು ಏನಾಗಬೇಕು?

"ನೀವು ಯಾರು ಅಂತ ನಾನು ಕೇಳಲ್ಲ. ಕೇಳಿದ್ರೆ ಜೈಲಿಗೆ ಕಳಿಸಬೇಕಾಗುತ್ತೆ. ನೋಡಿದ್ರೆ ಕಷ್ಟಪಟ್ಟವರ ಹಾಗೆ ಕಾಣ್ತೀರಿ. ಹದಿನಾಲ್ಕು ದಿನದೊಳಗೆ ದೇಶ ಬಿಟ್ಟುಬಿಡಿ, ವಿಷಯ ಇಲ್ಲಿಗೇ ಮುಗಿಸೋಣ" ಎಂದು ಕರುಣೆಯಿಂದಲೇ ಹೇಳಿ ಒಂದು ಚೀಟಿ ಬರೆದುಕೊಟ್ಟರು. ಅದರಲ್ಲಿ ಹೆಸರಿನ ಜಾಗ ಖಾಲಿಯಿತ್ತು.

ಆಮೇಲೆ ತಲೆಯೆತ್ತಿ ಗಾಜಿನ ಆಚೆ ನೋಡಿದರು. ಚೌಕಟ್ಟು ನೋಡಿದರು. ಇನ್ನೊಮ್ಮೆ ಆಚೆ ನೋಡಿ, ಎದ್ದು ಹೋಗಿ ತಾವೇ ಬಾಗಿಲು ತೆರೆದು, ಬಾಯ್ಲರ್ ಮಾವನನ್ನು ಒಳಗೆ ಕರೆದರು. ನೀವೇ ತಾನೇ ಇವರು ಎಂದು ಪ್ರಶಸ್ತಿ ತೋರಿಸಿದರು. ಬಾಯ್ಲರ್ ಮಾವ ಹೌದು ಎಂದ, ಫೋಟೋದಲ್ಲಿ ಇದ್ದವನು ಅವನೇ ಆಗಿದ್ದ. ಒಂದು ದಿನವೂ ರಜ ಹಾಕಿಲ್ಲವಂತೆ ಎಂದರು. ಹೌದು ಎಂದ, ಅವನು ಹಾಕಿರಲಿಲ್ಲ. ಮುಖವೇ ಹೊಂದಿದ ಮೇಲೆ ಬೆರಳಿನ ಗುರುತು ಯಾಕೆ ಎಂದು ನೇರ ಕ್ಯಾಮೆರಾ ಮುಂದೆ ಕೂರಿಸಿದರು, ಕೂತ. ಇಲ್ಲಿ ಎಂದಲ್ಲಿ ಸಹಿ ಹಾಕಿದ. ಯಂತ್ರ ಗೊರಗೊರ ಎಂದು, ಇನ್ನೂ ಬೆಚ್ಚಗಿದ್ದ ಕಾಯಂ ವಾಸದ ಕಾರ್ಡೊಂದನ್ನು ಉಗುಳಿತು. ಸುಕ್ಕಪ್ಪನ ಹೆಸರು, ಬಾಯ್ಲರ್ ಮಾವನ ಮುಖ.

"ಇನ್ನೊಂದು ವಿಷಯ. ಹೇಗೆ ಹೇಳಬೇಕೋ ಗೊತ್ತಾಗ್ತಿಲ್ಲ" ಎಂದು ಅಧಿಕಾರಿ ಬಾಯ್ಲರ್ ಮಾವನ ಭುಜ ಮುಟ್ಟಿದರು. "ನಿಮ್ಮ ತಾಯಿ ತೀರಿಕೊಂಡಿದ್ದಾರೆ. ಈ ಕಾಗದಗಳಲ್ಲಿದೆ."

ಬಾಯ್ಲರ್ ಮಾವನ ತಾಯಿ ತೀರಿ ಹತ್ತು ವರ್ಷವಾಗಿತ್ತು. ಆಗ ರಜ ಸಿಗದೆ ಹೋಗಲಾಗಿರಲಿಲ್ಲ. ಹೌದು ಎನ್ನಲು ಹೋದವನಿಗೆ ಅಂದಿನ ಅಳು ಇವತ್ತು ಬಂತು, ಅಷ್ಟು ದೊಡ್ಡ ಮೈ ಕುಲುಕಿಸಿಕೊಂಡು ಅತ್ತ. ಅಧಿಕಾರಿ ನೀರು ಕೊಟ್ಟರು. ಹದಿನಾಲ್ಕು ತಿಂಗಳು ತನ್ನ ತಾಯಿಯ ಬಾಯಿ ಒರೆಸಿದವನು ಮೂಲೆಯಲ್ಲಿ ನಿಂತು ನೋಡುತ್ತಿದ್ದ. ಅವನಿಗೆ ಯಾರೂ ಏನೂ ಕೊಡಲಿಲ್ಲ. ತನ್ನ ಬಾಳಿನಲ್ಲಿ ಇಷ್ಟು ಒಂಟಿ ಎಂದು ಅವನಿಗೆ ಯಾವತ್ತೂ ಅನಿಸಿರಲಿಲ್ಲ.

ಅಳು ಕೇಳಿ ಹೊರಗಿದ್ದವರೆಲ್ಲ ಒಳಗೆ ನುಗ್ಗಿದರು. ಕಾರ್ಡು ಕಂಡದ್ದೇ ಗುಮಾಸ್ತರು ಗೆದ್ದೆವು, ನನ್ನ ಕರಡಿನ ಒಂದಕ್ಷರವನ್ನೂ ತಳ್ಳಿಹಾಕಿಲ್ಲ ಎಂದು ಎಲ್ಲರ ಕೈ ಕುಲುಕಿದರು. ಮೇಸ್ತ್ರಿ ಕಾರ್ಡಿನ ಮುಖ ನೋಡಿ ಗೋಡೆಗೆ ಒರಗಿದ. ಹೆಂಡತಿ ಗಂಡನ ಕೈಯಲ್ಲಿದ್ದ ಚೀಟಿ ಓದಿದಳು.

"ಇವರೇ ನನ್ನ ಗಂಡ" ಎಂದಳು.

ಅಧಿಕಾರಿ ಬೇಸರಪಟ್ಟುಕೊಳ್ಳದೆ ಅವಳದೇ ಅಫಿಡವಿಟ್ಟು ತೆಗೆದು ಮುಂದೆ ಹಿಡಿದರು. "ನಿಮ್ಮ ಗಂಡ ಒಂದು ದಿನವೂ ಊರು ಬಿಟ್ಟಿಲ್ಲ ಅಂತ ನೀವೇ ಬರೆದುಕೊಟ್ಟಿದ್ದೀರಿ. ಇವರು ಐದು ವಾರದ ಹಿಂದೆ ವಿಮಾನದಿಂದ ಇಳಿದವರು. ಇದು ಸುಳ್ಳು ಅಂತೀರಾ? ಹಾಗಾದ್ರೆ ಒಂಬತ್ತು ಜನರ ಮೇಲೂ ಕೇಸು ಬರೀಬೇಕು."

ಸಾಬೂನಕ್ಕ ಅವಳ ಸೆರಗಿನ ಅಂಚನ್ನು ಹಿಡಿದುಕೊಂಡಿದ್ದಳು, ಜಗ್ಗಲಿಲ್ಲ, ಸುಮ್ಮನೆ ಹಿಡಿದಿದ್ದಳು. ಹೆಂಡತಿ ಸುಕ್ಕಪ್ಪನ ಮುಖ ನೋಡಿದಳು. ಅವನು ಬೇಡ ಎಂಬಂತೆ ತಲೆಯಾಡಿಸಿದ.

"ಹಾಗಾದ್ರೆ ನಾನೂ ಮಗಳೂ ಇವರ ಜೊತೆ ಹೋಗ್ತೀವಿ. ಎಲ್ಲಿಗಾದ್ರೂ ಸರಿ" ಎಂದಳು.

ಸುಕ್ಕಪ್ಪನಿಗೆ ಆ ದಿನ ಬೆಳಿಗ್ಗೆಯಿಂದ ಮೊದಲ ಸಲ ಉಸಿರು ತಿರುಗಿತು. ದೇಶ ಹೋಗಲಿ, ಕಾರ್ಡು ಹೋಗಲಿ, ಮೂರು ಜನ ಒಟ್ಟಿಗಿದ್ದರೆ ಇನ್ನೊಂದು ಊರಿನಲ್ಲಿ ಇನ್ನೊಂದು ಲಾಂಡ್ರಿ ಸಿಗದೇ ಹೋಗುತ್ತದೆಯೇ?

ನೀವು ದೊಡ್ಡವರು, ನಿಮ್ಮಿಷ್ಟ ಎಂದರು ಅಧಿಕಾರಿ. ಮಗು ದೇಶ ಬಿಡಬೇಕಾದರೆ ಮಾತ್ರ ತಂದೆಯ ಒಪ್ಪಿಗೆ ಬೇಕು. ಒಂದು ನಮೂನೆ ತೆಗೆದು ಬಾಯ್ಲರ್ ಮಾವನ ಮುಂದಿಟ್ಟು, ಪೆನ್ನಿನ ಮುಚ್ಚಳ ತೆಗೆದು ಕೈಗೆ ಕೊಟ್ಟರು. ಎಲ್ಲರ ಕಣ್ಣೂ ಅವನ ಕೈಯ ಮೇಲೆ ನೆಟ್ಟವು. ತಾನು ಹೌದು ಹೌದು ಎಂದೇ ಇಷ್ಟೆಲ್ಲ ಅನಾಹುತ ಆಯಿತಲ್ಲ ಎಂಬುದು ಆ ಬಡಪಾಯಿಗೆ ಅಷ್ಟು ಹೊತ್ತಿಗೆ ಅರ್ಥವಾಗಿತ್ತು. ಅವನು ಪೆನ್ನನ್ನು ಮೇಜಿನ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದ.

"ಸಾಕು. ಸತ್ರೂ ನಾನಿನ್ನು ಯಾವ ಕಾಗದಕ್ಕೂ ಸಹಿ ಹಾಕಲ್ಲ" ಎಂದ.

ಹಾಕೋ ಮಾರಾಯ ಎಂದು ಮೇಸ್ತ್ರಿ ಗೋಗರೆದ. ಸುಕ್ಕಪ್ಪ ಎರಡೂ ಕೈ ಮುಗಿದ. ಬಾಯ್ಲರ್ ಮಾವ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಗಟ್ಟಿಯಾಗಿ ನಿಂತ.

ಅಧಿಕಾರಿ ಅವನನ್ನು ಗೌರವದಿಂದ ನೋಡಿದರು. ಮಗಳನ್ನು ಯಾರೋ ಗುರುತಿಲ್ಲದವರ ಜೊತೆ ಪರದೇಶಕ್ಕೆ ಕಳಿಸಲು ಯಾವ ತಂದೆ ಒಪ್ಪುತ್ತಾನೆ ಎಂದು ನಮೂನೆಯನ್ನು ಒಳಗಿಟ್ಟು, 'ತಂದೆಯ ಆಕ್ಷೇಪಣೆಯಿದೆ' ಎಂದು ಬರೆದು, ಕಡತ ಮುಚ್ಚಿದರು.